ಒರೆಸಿದ ಹಳದಿ

ನೀರುಕಾಗೆಯೊಂದು ಪಂಪಿನ ಪೈಪಿನ ಮೇಲೆ ರೆಕ್ಕೆ ಹರವಿಕೊಂಡು ಬಿಸಿಲು ಕಾಯಿಸುತ್ತ ಕೂತಿದೆ, ಕೂತಿರಲಿ, ಹಕ್ಕಿ ಚಂದವೇ, ಆದರೆ ಪೈಪು ಕಾಣಬಾರದು, ಪೈಪು ಕಂಡರೆ ಇದು ಸಮುದ್ರವಲ್ಲ, ಕಬ್ಬಿಗೆ ನೀರೆತ್ತುವ ಕುರನೂರ ಅಣೆಕಟ್ಟಿನ ಹಿನ್ನೀರು ಎಂದು ಕೂಸಿಗೂ ತಿಳಿದುಬಿಡುತ್ತದೆ — ಮುಕ್ತಾಬಾಯಿ ದೋಣಿಯ ಹಿಂಬದಿಯ ಹಲಗೆಯ ಮೇಲೆ ಕುಕ್ಕರಿಸಿ ಕ್ಯಾಮೆರಾವನ್ನು ಒಂದಿಷ್ಟು ಎಡಕ್ಕೆ ಹೊರಳಿಸಿದಳು, ಪೈಪು ಹೋಯಿತು, ದಂಡೆಯ ಕರೆಂಟಿನ ಕಂಬಗಳು ಹೋದವು, ಮೀನು ಹಿಡಿಯುವವರ ವಸ್ತಿಯ ತಗಡಿನ ಮನೆಗಳು, ಒಣಹಾಕಿದ ಬಲೆ, ಸೀರೆ, ಎಲ್ಲ ಹೋದವು, ಉಳಿದದ್ದು ನೀರು, ನೀರಿನಲ್ಲಿ ಎರಡು ನಡುಗಡ್ಡೆ, ದೋಣಿಯ ಮೂತಿಯಲ್ಲಿ ಬೆನ್ನು ಈ ಕಡೆ ಮಾಡಿ ಕೂತ ಬಿಳಿ ಅಂಗಿಯ ಧನರಾಜ. ಬೆನ್ನು ಮಾಡಿದರೆ ಆಯಿತೇ, ಬೆನ್ನನ್ನೂ ಬಲ್ಲೆ ನಿನ್ನದನ್ನು, ಇದೇ ಬೆನ್ನು ನನ್ನ ಪಡಸಾಲೆಯ ಗೋಡೆಗೆ ಆನಿಸಿಕೊಂಡು ಹುಗ್ಗಿ ಉಂಡಿತ್ತು, ಇನ್ನಷ್ಟು ತುಪ್ಪ ಹಾಕ್ರಿ ಅತ್ತೀ ಅಂದಿತ್ತು. ಕ್ಲಿಕ್. ನಡುವಿನ ಹಲಗೆಯ ಮೇಲಿನ ಹುಡುಗಿ ಓಢಣಿಯನ್ನು ಗಾಳಿಗೆ ಬಿಟ್ಟು ನಗುತ್ತಿದ್ದಾಳೆ, ಸೊಲ್ಲಾಪುರದ ಹುಡುಗಿ, ಪ್ರಾಜಕ್ತಾ, ಇನ್ನು ಎಂಟು ದಿನಕ್ಕೆ ಇವಳಿಗೂ ಇವನಿಗೂ ಲಗ್ನ, ಲಗ್ನಕ್ಕೆ ಮುಂಚಿನ ಫೋಟೋ, ಈಗ ಎಲ್ಲರಿಗೂ ಬೇಕು, ಎಲ್ಲರಿಗೂ ಗೋವಾ ಬೇಕು, ಗೋವಾ ದೂರ, ಅದಕ್ಕೇ ಇಲ್ಲಿಗೆ ಬರುತ್ತಾರೆ, ಇದೇ ಅಕ್ಕಲಕೋಟದ ಗೋವಾ.

ದಿನವೂ ಬರುವ ಜಾಗ. ಮುಂಜಾನೆ ಬಸುರಿಯರು ಹೂವಿನ ಬಿಲ್ಲು ಹಿಡಿದು ಬರುತ್ತಾರೆ, ಮಧ್ಯಾಹ್ನ ಹುಟ್ಟುಹಬ್ಬದ ಹುಡುಗರು, ಸಂಜೆ ಇಂಥ ಜೋಡಿಗಳು, ನಿಂಗಣ್ಣನ ದೋಣಿ ಎಲ್ಲರನ್ನೂ ನಡುಗಡ್ಡೆಗೆ ಇಳಿಸಿ ಹಿಂದಕ್ಕೆ ತರುತ್ತದೆ, ಈ ನಿಂಗಣ್ಣ ಕಣ್ಣು ಮುಚ್ಚಿಕೊಂಡೇ ಹುಟ್ಟು ಹಾಕುತ್ತಾನೆ, ಈಗಲೂ ಹಾಗೆಯೇ, ಆದರೆ ಬಾಯಿ ಮುಚ್ಚುವುದಿಲ್ಲ, ಮುಕ್ತಾಬಾಯಾರ, ಇವತ್ತ ಯಾಕ ಮಾರಿ ಬಿಗದೀರಿ, ಗಿರಾಕಿ ಓಡಿ ಹೋಗ್ತಾವ ನೋಡ್ರಿ. ನಡು ನೀರಾಗ ಎಲ್ಲಿ ಓಡ್ತಾವೋ ನಿಂಗಣ್ಣ, ಎಂದಳು ಅವಳು, ಮತ್ತು ಆ ಬಿಳಿ ಬೆನ್ನು ತುಸು ಅಲುಗಿದ್ದನ್ನು ನೋಡಿದಳು, ನೋಡಿ ಎದೆಯೊಳಗೆ ಏನೋ ಸಿಹಿಯಾಯಿತು. ಓಡಲಾರ. ತಾಸಿನ ಹಿಂದೆ ದಂಡೆಯ ಮೇಲೆ ಕಾರಿನಿಂದ ಇಳಿದವನು, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ನಿಂತ ತನ್ನನ್ನು ಕಂಡಾಗ ಅವನ ಮುಖದ ನೆತ್ತರೆಲ್ಲ ಎಲ್ಲಿಗೆ ಹೋಯಿತು, ಹಿಂದಕ್ಕೆ ಹೊರಳುತ್ತಾನೆ ಅಂದುಕೊಂಡಿದ್ದಳು, ಆದರೆ ಬೆನ್ನ ಹಿಂದೆ ಪ್ರಾಜಕ್ತಾ ಇಳಿದಳಲ್ಲ, ಅಯ್ಯ ಮಾವಶಿ, ನೀವಽ ಏನ್ರಿ ಫೋಟೋ ತಗಿಯೋರು, ಸೀರಿ ಉಟ್ಕೊಂಡು ಕ್ಯಾಮೆರಾ ಹಿಡಿದೋರನ್ನ ನಾ ನೋಡೇ ಇಲ್ಲ, ಎಕದಮ ಮಸ್ತ, ಎಂದು ಕೈ ಹಿಡಿದಳು, ಧನರಾಜ ಗುರುತಿಲ್ಲದವರಿಗೆ ಮಾಡುವ ಹಾಗೆ ನಮಸ್ಕಾರ ಮಾಡಿದ. ನಮಸ್ಕಾರ! ಆಗಲೇ ತಿಳಿಯಿತು ಅವಳಿಗೆ, ಇವನು ಆ ಮನೆಯಲ್ಲಿ ಏನೂ ಹೇಳಿಲ್ಲ, ಕಾಜಲ ಎಂಬ ತನ್ನ ಮಗಳು ಇವನ ಲೆಕ್ಕದಲ್ಲಿ ಹುಟ್ಟೇ ಇಲ್ಲ. ಆಗಿನಿಂದ ಅವನು ತನ್ನನ್ನು ಏನೆಂದೂ ಕರೆದಿಲ್ಲ, ಎಲ್ಲರ ಹಾಗೆ ಮಾವಶಿ, ಚಿಕ್ಕವ್ವ, ಎನ್ನಲೂ ಬಾಯಿ ಬರುತ್ತಿಲ್ಲ, ನೀವು ಎನ್ನುವುದಿಲ್ಲ, ಗಾಳಿಗೆ ಹೇಳಿದಂತೆ ಹೇಳುತ್ತಾನೆ, ಇಲ್ಲಿ ನಿಂದರೂದೇನು, ಹಿಂಗಽ ಏನು.

ಲಕ್ಷ್ಮೀಕಾಂತನಿಗೆ ಏನು ಗೊತ್ತು ಪಾಪ, ಸೊಲ್ಲಾಪುರದಲ್ಲಿ ದೊಡ್ಡ ಸ್ಟುಡಿಯೋ, ಅಕ್ಕಲಕೋಟದ ಕಡೆಯ ಕೆಲಸ ಬಂದರೆ ಅವಳಿಗೆ ದಾಟಿಸುತ್ತಾನೆ, ಹಾಗೇ ಫೋನು ಮಾಡಿದ, ಮಾವಶಿ, ಮಂಗಳವಾರ ಒಂದು ಜೋಡಿ ಅದ, ಹುಡುಗ ತಡವಳದಾಂವ, ಪೊಲೀಸದಾಗ ಅದಾನ, ಹೆಸರು ಧನರಾಜ — ಅವಳು ಒಗ್ಗರಣೆ ಹಾಕುತ್ತಿದ್ದಳು, ಸಾಸಿವೆ ಸಿಡಿದು ಕೈ ಮೇಲೆ ಬಿದ್ದರೂ ತಿಳಿಯಲಿಲ್ಲ. ಆಗೂದಿಲ್ಲ ಎನ್ನಬಹುದಿತ್ತು. ಗಂಡ ಸಿದ್ದಣ್ಣನಿಗೆ ಹೇಳಿದ್ದರೆ ಹೋಗಬ್ಯಾಡ ಎನ್ನುತ್ತಿದ್ದ, ಅಥವಾ ಅದನ್ನೂ ಎನ್ನುತ್ತಿರಲಿಲ್ಲ, ಅಂಗಡಿಯಲ್ಲಿ ಕೂತು ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತ ಮನುಷ್ಯ ಮಾತನ್ನೇ ಬಿಟ್ಟಿದ್ದಾನೆ, ಬಿರೋಬಾನ ಗುಡಿಗೆ ಹೋಗುವುದನ್ನೂ ಬಿಟ್ಟಿದ್ದಾನೆ. ಬರ್ತೀನಿ ಅಂತ ಹೇಳಪಾ, ಎಂದಳು ಲಕ್ಷ್ಮೀಕಾಂತನಿಗೆ, ದನಿ ಎಷ್ಟು ಸಾದಾ ಬಂತು ಎಂದು ತನಗೇ ಅಚ್ಚರಿ. ಇವತ್ತು ಬೆಳಿಗ್ಗೆ ಲೆನ್ಸು ಒರೆಸಿ, ಬ್ಯಾಟರಿ ಹಾಕಿ, ಕೊನೆಗೆ ದೇವರ ಜಗುಲಿಯ ಮುಂದೆ ನಿಂತು ಬಟ್ಟಲಿನಿಂದ ಒಂದು ಹಿಡಿ ಭಂಡಾರ ಕಾಗದದಲ್ಲಿ ಕಟ್ಟಿ ಚೀಲದ ಒಳಜೇಬಿಗೆ ಇಟ್ಟಳು, ಮೈಲಾರನದು, ಬಿರೋಬಾನದು, ಬರೀ ಅರಿಷಿಣ ಪುಡಿ ಎಂದು ಇವನಂಥ ಕಲಿತವರು ನಗುತ್ತಾರೆ, ನಗಲಿ.

ಯವ್ವಾ ಎಂಥಾ ನೀರು, ಎಂದಳು ಪ್ರಾಜಕ್ತಾ ನಡುಗಡ್ಡೆಗೆ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು. ನಡುಗಡ್ಡೆಯೆಂದರೇನು, ನೀರು ಇಳಿದಾಗ ಬೆನ್ನು ತೋರಿಸುವ ಹಳೇ ಹೊಲ, ಹುಡಿ ಮಣ್ಣು, ಒಂದಿಷ್ಟು ಆಪಿನ ಹುಲ್ಲು, ಯಾರದೋ ಬಾವಿಯ ಕಟ್ಟೆಯ ಕಲ್ಲು, ಈ ಕಲ್ಲನ್ನೇ ಬಂಡೆಯೆಂದು ತೋರಿಸುತ್ತಾಳೆ ಮುಕ್ತಾಬಾಯಿ, ಅದರ ಮೇಲೆ ಹುಡುಗಿಯನ್ನು ಕೂರಿಸಿ ಹಿಂದೆ ನೀರಷ್ಟೇ ಇಟ್ಟರೆ ನೋಡಿದವರು ಯಾವ ಬೀಚು ಎಂದು ಕೇಳುತ್ತಾರೆ. ಸಾಹೇಬ್ರ, ಹಿಂಗ ನಿಂದರ್ರಿ. ಗದ್ದ ಮ್ಯಾಲ ಮಾಡ್ರಿ. ಇನ್ನೂ ಮ್ಯಾಲ. ಭುಜ ಯಾಕ ಜೋತ ಬಿದ್ದಾವ, ಪೊಲೀಸರದಲ್ಲೇನು ನೀವು? ಪ್ರಾಜಕ್ತಾ ಕಿಲಕಿಲ ನಕ್ಕಳು. ಈಗ ಅಕೀನ ಕಣ್ಣಾಗ ಕಣ್ಣ ಇಟ್ಟು ನೋಡ್ರಿ. ನೋಡ್ರೀ ಅಂದ್ರ, ನನ್ನ ಕಡೆ ಯಾಕ ನೋಡಾಕತ್ತೀರಿ, ನನ್ನ ಮಾರಿಗೇನು ಹತ್ತೇದ? ಅವನ ಹಣೆಯ ಮೇಲೆ ಬೆವರು, ಚಳಿಗಾಲದ ಗಾಳಿಯಲ್ಲಿ ಬೆವರು, ಲೆನ್ಸು ಹತ್ತಿರ ತಂದು ಆ ಬೆವರಿನ ಹನಿಯನ್ನೇ ಹಿಡಿದಳು. ಕ್ಲಿಕ್. ನಗ್ರಿ. ಹಲ್ಲು ಕಾಣಬೇಕು. ನಗು ಕಣ್ಣೀಗೆ ಬರವಲ್ದು ಸಾಹೇಬ್ರ, ಮತ್ತೊಮ್ಮೆ. ಮತ್ತೊಮ್ಮೆ. ಅವನು ನಗುತ್ತಾನೆ, ಅವಳು ಹೇಳಿದಷ್ಟು ಸಲ ನಗುತ್ತಾನೆ, ಹೇಳಿದಂತೆ ಮೊಣಕಾಲೂರುತ್ತಾನೆ, ಕೆಸರಿನಲ್ಲಿ ಊರುತ್ತಾನೆ, ಇಷ್ಟು ದಿನ ಅನ್ನದ ಮುಂದೆ ಕೂತು ಈ ಮುಖವನ್ನು ಏನೇನು ಮಾಡಬೇಕೆಂದು ನೆನೆದಿದ್ದಳೋ, ಉಗಿಯಬೇಕು, ಹೊಡೆಯಬೇಕು, ಠಾಣೆಯ ಮುಂದೆ ನಿಂತು ಹೆಸರು ಹಿಡಿದು ಕೂಗಬೇಕು, ಅದಕ್ಕೆಲ್ಲ ಇದು ಎಷ್ಟೋ ಮೇಲು, ಮೊಣಕಾಲೂರು, ಇನ್ನೂ ಕೆಳಗೆ.

ಮಾವಶಿ, ಸ್ವಲ್ಪ ತಿನ್ರಿ, ಎಂದು ಪ್ರಾಜಕ್ತಾ ಡಬ್ಬಿ ತೆಗೆದಳು, ಶೇಂಗಾ ಹೋಳಿಗೆ, ನಮ್ಮವ್ವ ನಿಮ್ಮ ಸಲುವಾಗೂ ಕಟ್ಯಾಳ. ಬ್ಯಾಡವಾ, ಕೈ ಹೊಲಸ ಅದ. ಹೊಲಸ ಇದ್ರೇನಾತು, ಬಾಯಿ ತಗೀರಿ, ಎಂದು ತುಂಡು ಮುರಿದು ಬಾಯಿಗೇ ಇಟ್ಟುಬಿಟ್ಟಳು, ಅದು ನಾಲಿಗೆಯ ಮೇಲೆ ಕೂತಿತು, ನುಂಗಲು ಬರಲಿಲ್ಲ, ಕಾಜಲ ಹೀಗೇ ಬಾಯಿಗೆ ಇಡುತ್ತಿದ್ದಳು. ಹುಡುಗಿ ಕಲ್ಲಿನ ಮೇಲೆ ಕೂತು ಕಾಲು ಆಡಿಸುತ್ತ ಹೇಳುತ್ತಿದ್ದಾಳೆ, ಇವರು ನೋಡಿದ ಮೊದಲನೇ ಹುಡಿಗೀನಽ ನಾನಂತ್ರಿ ಮಾವಶಿ, ಮೊದಲ ನೋಡಿದಾಕಿನ್ನೇ ಹೂಂ ಅಂದ್ರಂತ, ನಮ್ಮಪ್ಪಗ ಅದಽ ಭಾಳ ಸೇರೇದ. ಹೌದ ಏನವಾ, ಎಂದಳು ಮುಕ್ತಾಬಾಯಿ, ಧನರಾಜ ನೀರಿನ ಕಡೆ ತಿರುಗಿ ಮೊಬೈಲ್ ನೋಡುತ್ತಿದ್ದ, ಅಲ್ಲಿ ರೇಂಜ್ ಇಲ್ಲ ಎಂಬುದು ನಿಂಗಣ್ಣನ ದೋಣಿಗೂ ಗೊತ್ತು.

ಮೊದಲನೆಯವಳು. ಆ ಸಾಖರಪುಡಾದ ದಿನ, ಕಾಜಲಳ ನಿಶ್ಚಿತಾರ್ಥದ ದಿನ, ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು, ಕಂಬಳಿಯ ಮೇಲೆ ಸಿದ್ದಣ್ಣ ಭಂಡಾರದ ತಾಟು ಹಿಡಿದು ನಿಂತಿದ್ದ, ಹಿರಿಯರು ಹೇಳಿದಂತೆ ಧನರಾಜ ಬಲಗೈ ಚಾಚಿ ಒಂದು ಹಿಡಿ ಎತ್ತಿದ, ಅಂಗೈ ತುಂಬ ಹಳದಿ, ಬಿರೋಬಾನ ಆಣಿ, ಈಕಿನ್ನ ಬಿಟ್ಟು ಬ್ಯಾರೆ ಹೆಣ್ಣ ತರೂದಿಲ್ಲ, ಎಂದ, ಕ್ಲಿಕ್, ಅವಳೇ ತೆಗೆದಳು ಆ ಫೋಟೋ, ಅತ್ತೆಯೂ ಅವಳೇ ಫೋಟೋದವಳೂ ಅವಳೇ, ಮಂದಿ ನಕ್ಕಿದ್ದರು, ಎಲ್ಲರ ಹಣೆ ಹಳದಿ, ಅಂಗಿ ಹಳದಿ, ಕಾಜಲಳ ಮೂಗಿನ ತುದಿ ಹಳದಿ. ಮೂರನೆಯ ದಿನ ಫೋನು. ಅತ್ತೀ, ಫೋಟೋ ಮಸ್ತ ಬಂದಾವ, ಆ ಪಿವಳಾ ಅರಿಷಿಣ ಅಷ್ಟು ತಗದಬಿಡ್ರಿ, ಕುರಿ ಕಾಯೋರ ಗತೆ ಕಾಣತೀವಿ, ದೋಸ್ತರು ನಗತಾರ, ಸ್ಟೇಟಸ್ ಇಡಬೇಕು. ಅಳಿಯ ಮೊದಲ ಸಲ ಕೇಳಿದ್ದು. ಮತ್ತೆ ಇದೇನು ಹೊಸದೇ, ಈಗಿನ ಹುಡುಗರೆಲ್ಲ ಕೇಳುತ್ತಾರೆ, ಜಾತ್ರೆಯ ಫೋಟೋದಲ್ಲೂ ಕೇಳುತ್ತಾರೆ, ಮಾರಿ ಸ್ವಚ್ಛ ಮಾಡ್ರಿ ಮಾವಶಿ, ಎಷ್ಟು ಮಂದಿಯ ಹಣೆಯಿಂದ ದೇವರನ್ನು ಒರೆಸಿದ್ದಾಳೋ ಅವಳು ಆ ಕಂಪ್ಯೂಟರಿನ ಮುಂದೆ ಕೂತು. ಮನಸ್ಸಿಟ್ಟು ಮಾಡಿದಳು. ಹಣೆ, ಕೆನ್ನೆ, ಅಂಗಿಯ ಕಾಲರು, ಕೊನೆಗೆ ಅಂಗೈ, ಅಂಗೈಯಂತೂ ಬೆರಳು ಬೆರಳಿನ ಸಂದಿಯವರೆಗೆ, ಒಂದು ಕಣವೂ ಉಳಿಯದಂತೆ, ಸಾಬೂನಿನ ಜಾಹೀರಾತಿನ ಕೈಯಂತೆ ಬೆಳ್ಳಗೆ. ಕಾಜಲ ಹಿಂದೆ ನಿಂತು ನೋಡಿ ಹೇಳಿದ್ದಳು, ಅವ್ವಾ, ಒಂದರೆ ಹಂಗಽ ಇಡಬೇಕಿತ್ತಿಲ್ಲೇನ. ಹಂಗಽ ಯಾಕ ಬೇ, ಗಂಡಗ ಸೇರೂದಿಲ್ಲ, ಎಂದು ಇವಳೇ ನಕ್ಕಿದ್ದು. ಮರುದಿನ ದುಧನಿಯಲ್ಲಿ ಒಂದು ಲಗ್ನ ಇತ್ತು, ಕ್ಯಾಮೆರಾದ ಕಾರ್ಡು ಖಾಲಿ ಬೇಕಿತ್ತು, ಖಾಲಿ ಮಾಡಿದಳು, ಒರೆಸದ ಫೋಟೋ ಎಲ್ಲಿಯೂ ಉಳಿಯಲಿಲ್ಲ.

ಪೊಲೀಸ ಭರತಿಯ ಆಯ್ಕೆ ಪಟ್ಟಿಯಲ್ಲಿ ಧನರಾಜನ ಹೆಸರು ಬಂತು, ಆಮೇಲೆ ತಡವಳದಿಂದ ಫೋನು ಬರಲಿಲ್ಲ, ಆಮೇಲೆ ಹೊರಗಿನವರ ಬಾಯಿಂದ ಒಲ್ಲೆವೆಂಬ ಮಾತು ಬಂತು, ಆಮೇಲೆ ಬಿರೋಬಾನ ಕಟ್ಟೆಯ ಮೇಲೆ ಪಂಚರು ಕೂತರು. ಭಂಡಾರ ಎತ್ತಿದ ಮೇಲೆ ಮುರಿಯುವಂತಿಲ್ಲ, ಎತ್ತದಿದ್ದರೆ ಅದು ಬರೀ ಮಾತುಕತೆ, ಯಾರೂ ಬಿಡಬಹುದು. ಎತ್ತಿಲ್ಲ, ಎಂದ ಧನರಾಜ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಎತ್ತ್ಯಾನ, ಎಂದ ಸಿದ್ದಣ್ಣ. ಅವರ ಮಂದಿ ಎತ್ತಿಲ್ಲ, ಇವರ ಮಂದಿ ಎತ್ತ್ಯಾನ, ಕೂಗಾಟ, ಕೊನೆಗೆ ಹಿರಿಯನೊಬ್ಬ ಹೇಳಿದ, ಯವ್ವಾ ಮುಕ್ತಾ, ನೀ ಫೋಟೋ ತಗದಿಯಲ್ಲ, ತೋರಿಸು, ಫೋಟೋ ಯಾರ ಕಡೀನೂ ಆಗೂದಿಲ್ಲ. ಅವಳು ಮೊಬೈಲ್ ತೆಗೆದಳು, ಮೊಬೈಲು ಕೈಯಿಂದ ಕೈಗೆ ಹೋಯಿತು, ಕಟ್ಟೆಯ ಉದ್ದಕ್ಕೂ ಹೋಯಿತು, ಪ್ರತಿಯೊಬ್ಬನೂ ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದ, ಬೆಳ್ಳನೆಯ ಅಂಗೈ, ಖಾಲಿ ಅಂಗೈ. ಕೈ ಖಾಲಿ ಅದಲ್ಲವಾ. ನಾ ಒರಸೀನ್ರಿ, ಅದು ಇತ್ತು, ನಾನಽ ಒರಸೀನಿ, ಅಂವಽ ಹೇಳಿದ್ದ — ಮಂದಿ ಒಬ್ಬರ ಮುಖ ಒಬ್ಬರು ನೋಡಿದರು, ಧನರಾಜ ನೆಲ ನೋಡಿದ, ತುಟಿಯ ಮೂಲೆಯಲ್ಲಿ ಒಂದು ನಗು, ಅವಳು ಮಾತ್ರ ಕಂಡಳು, ಮುಖ ನೋಡುವುದೇ ಕಸುಬು ಆದವಳು, ಆ ನಗುವನ್ನು ಯಾವ ಕಾರ್ಡಿನಿಂದಲೂ ಅಳಿಸಲು ಬಂದಿಲ್ಲ. ಮಗಳ ಸಲುವಾಗಿ ಭಂಡಾರದ ಮ್ಯಾಲೆ ಸುಳ್ಳು ಹೇಳತಾರ ನೋಡು, ಎಂದರು ಆಮೇಲೆ, ಹುಡಿಗ್ಯಾಗ ಏನರೆ ಐಬು ಇರಬೇಕು, ಇಲ್ಲಂದ್ರ ಯಾಕ ಬಿಡತಾನ, ಎಂದರು.

ಕಾಜಲ ಸೊಲ್ಲಾಪುರದಲ್ಲಿ ಸಾಲೀ ಹುಡುಗರ ಯುನಿಫಾರ್ಮ್ ಹೊಲಿಯುವ ಕಾರಖಾನೆಯಲ್ಲಿ ಗುಂಡಿ ಹಚ್ಚುತ್ತಾಳೆ, ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾಳೆ, ಉಣ್ಣುತ್ತಾಳೆ, ಮಲಗುತ್ತಾಳೆ, ಬೈಯುವುದಿಲ್ಲ, ಬೈದರೆ ಎಷ್ಟು ಚೆನ್ನಾಗಿತ್ತು. ಒಂದೇ ಒಂದು, ಫೋಟೋ ತೆಗೆಯಗೊಡುವುದಿಲ್ಲ. ಹೊಸ ಬೆಳಕು ನೋಡಬೇಕಾಗಿ, ಹೊಸ ಲೆನ್ಸು ನೋಡಬೇಕಾಗಿ ಮುಕ್ತಾಬಾಯಿ ಕ್ಯಾಮೆರಾ ಅವಳ ಕಡೆ ಎತ್ತಿದರೆ ಸಾಕು, ಮಗಳ ಅಂಗೈ ಮೇಲೆ ಬರುತ್ತದೆ, ಸೂಜಿ ಚುಚ್ಚಿದ ಬೆರಳುಗಳ ಅಂಗೈ, ಲೆನ್ಸಿನ ತುಂಬ ಬರುತ್ತದೆ, ಬ್ಯಾಡ ಅವ್ವಾ. ಊರ ಮಂದಿಯ ಮುಖವೆಲ್ಲ ಇದೆ ಆ ಕ್ಯಾಮೆರಾ ಡಬ್ಬಿಯಲ್ಲಿ, ಮಗಳದ್ದಿಲ್ಲ, ಮಗಳದ್ದು ಬರೀ ಅಂಗೈ.

ಮಾವಶಿ, ಸೂರ್ಯ ಇಳೀಲಿಕ್ಕತ್ತಾನ, ಎಂದಳು ಪ್ರಾಜಕ್ತಾ. ಹೌದು, ಇಳಿಯುತ್ತಿದ್ದಾನೆ, ಆಚೆ ದಂಡೆಯ ಕಬ್ಬಿನ ಮೇಲೆ, ಇಷ್ಟು ಹೊತ್ತು ಇದಕ್ಕೇ ಕಾದದ್ದು. ಎಲ್ಲ ಜೋಡಿಗೂ ಇದೊಂದು ಬೇಕೇಬೇಕು, ಅಂಗೈಯಲ್ಲಿ ಸೂರ್ಯನನ್ನು ಹಿಡಿದಂತೆ ಕಾಣುವ ಫೋಟೋ. ಸಾಹೇಬ್ರ, ನೀರಿನ ಅಂಚೀಗೆ ನಿಂದರ್ರಿ, ಬಲಗೈ ಚಾಚ್ರಿ, ಅಂಗೈ ಮ್ಯಾಲ. ಬಲಗೈ ಅಂದ್ರ ಬಲಗೈ. ಅವನು ಚಾಚಿದ. ಆ ಕೈ. ಲೆನ್ಸಿನಲ್ಲಿ ಆ ಕೈ ಬಂದು ನಿಂತಿತು, ಸೂರ್ಯ ಅದರ ಮೇಲೆ ಕೂತ, ಎಷ್ಟು ಹಳದಿ, ಕ್ಲಿಕ್, ಹಂಗಽ ಇರ್ರಿ, ಅಳ್ಳಾಡಬ್ಯಾಡ್ರಿ, ಬಣ್ಣ ಹಾಕ್ತೀನಿ, ಬಣ್ಣ ಊದಿದ್ರ ಛಂದ ಬರ್ತದ, ಎನ್ನುತ್ತ ಮುಂದೆ ನಡೆದಳು, ಒಳಜೇಬಿನಿಂದ ಕಾಗದ ಬಿಚ್ಚಿದಳು, ಸುರಿದಳು. ಅವನ ಬೆರಳುಗಳು ಬೆಂಕಿ ಬಿದ್ದಂತೆ ಸೆಟೆದವು. ಅಯ್ಯ, ಇದು ಭಂಡಾರ ಅದ ಅಲ್ಲೇನ್ರಿ ಮಾವಶಿ, ಎಂದಳು ಪ್ರಾಜಕ್ತಾ ಹಿಗ್ಗಿ, ವಾಸನಿ ಮ್ಯಾಲೆ ತಿಳೀತು, ನಮ್ಮ ಆಯಿ ಜಗಲೀ ಮ್ಯಾಲಿಂದು ಹಿಂಗಽ ವಾಸನಿ ಬರ್ತದ, ಎಂದು ತನ್ನ ಕೈಯನ್ನು ಅವನ ಕೈಯ ಕೆಳಗೆ ಹಿಡಿದಳು, ಚೆಲ್ಲಿದ್ದು ಅವಳ ಅಂಗೈಗೂ ಬಿತ್ತು. ಭಂಡಾರನಽ ಅದವಾ, ಎಂದಳು ಮುಕ್ತಾಬಾಯಿ ಹಿಂದೆ ಸರಿದು ಕಣ್ಣಿಗೆ ಕ್ಯಾಮೆರಾ ಹಚ್ಚಿ, ಎತ್ತೀರಿ ಅಂದ್ರ ಒಂದು ಮಾತ ಹೇಳ್ರಿ ಸಾಹೇಬ್ರ, ಈಕೀಗೆ, ಇದನ್ನ ಮೊದಲ ಯಾರ ಸಲುವಾಗೂ ಎತ್ತಿಲ್ಲ ಅಂತ ಹೇಳ್ರಿ, ಬಾಯಿ ಆಡುವಾಗ ತಗೀತೀನಿ, ಭಾಳ ಛಂದ ಬರ್ತದ.

ಹೇಳ್ರಿ ನಾ, ಎಂದಳು ಪ್ರಾಜಕ್ತಾ, ನಗುತ್ತ. ಮುಕ್ತಾಬಾಯಿ ಕ್ಯಾಮೆರಾದ ಹಿಂದೆ ಮನಸ್ಸಿನಲ್ಲೇ ಅಂದಳು, ಹೇಳು, ಖಾಲಿ ಕೈಯಿಂದ ಹೇಳಿದೆಯಲ್ಲ ಕಟ್ಟೆಯ ಮೇಲೆ, ತುಂಬಿದ ಕೈಯಿಂದ ಹೇಳು, ಹೇಳಿದರೆ ಬಿರೋಬಾ ನೋಡಿಕೊಳ್ಳುತ್ತಾನೆ, ಹೇಳದಿದ್ದರೆ ಇವಳು ನೋಡಿಕೊಳ್ಳುತ್ತಾಳೆ, ಎರಡರಲ್ಲಿ ಒಂದು ಆರಿಸಿಕೋ, ನನಗೆ ಎರಡೂ ಸಿಹಿ. ಅವನು ಅಂಗೈಯನ್ನೇ ನೋಡಿದ. ಬೆರಳ ಸಂದಿಯಿಂದ ಹಳದಿ ಸಣ್ಣಗೆ ಉದುರಿತು, ಗಾಳಿ ಅದನ್ನು ಅವನ ಬಿಳಿ ಅಂಗಿಗೇ ಒಯ್ದಿತು, ಕ್ಲಿಕ್, ಕ್ಲಿಕ್. ಯಾಕ ಸುಮ್ಮ ನಿಂತೀರಿ, ಎಂದಳು ಪ್ರಾಜಕ್ತಾ, ನಗು ಇನ್ನೂ ಇತ್ತು, ಆದರೆ ನಗು ಒಂಟಿಯಾಗಿತ್ತು. ಅವನು ಥಟ್ಟನೆ ಬಗ್ಗಿ ಕೈಯನ್ನು ನೀರಿನಲ್ಲಿ ಅದ್ದಿದ, ಉಜ್ಜಿದ, ನೀರಿನ ಮೇಲೆ ಹಳದಿ ಹರಡಿತು, ಮೇಲೆತ್ತಿದ, ಹೋಗಿರಲಿಲ್ಲ, ಅಂಗೈಯ ಗೆರೆಗೆರೆಯಲ್ಲಿ ಕೂತಿತ್ತು, ಮತ್ತೆ ಉಜ್ಜಿದ, ಮತ್ತೆ ಕ್ಲಿಕ್, ಕೊನೆಗೆ ಅವನು ಅವಳ ಕಡೆ ತಿರುಗಿ, ಇಷ್ಟು ಹೊತ್ತೂ ಕರೆಯದೇ ಇದ್ದವನು, ಅತ್ತೀ, ಸಾಕು ಮಾಡ್ರಿ ಅತ್ತೀ, ಎಂದುಬಿಟ್ಟ.

ನಿಂಗಣ್ಣ ಕಣ್ಣು ತೆರೆದ. ಅತ್ತೀ? ಎಂದಳು ಪ್ರಾಜಕ್ತಾ. ನಿಮಗ ಇವರು ಅತ್ತಿ ಹ್ಯಾಂಗ ಆಗ್ತಾರ? ಸೋದರತ್ತಿ ಏನು? ಅವನು ನೀರು ನೋಡಿದ. ಸೋದರತ್ತಿ ಅಲ್ಲವಾ, ಎಂದಳು ಮುಕ್ತಾಬಾಯಿ, ಹೆಣ್ಣ ಕೊಡಾಕ ಒಪ್ಪಿದ್ದ ಅತ್ತಿ, ನನ್ನ ಮಗಳ ಸಲುವಾಗಿ ಇದಽ ಕೈಯಾಗ ಇದಽ ಭಂಡಾರ ಎತ್ತಿದ್ದ, ಮತ್ತು ಅಲ್ಲಿಗೆ ಮಾತು ಮುಗಿಯಿತು, ಇಷ್ಟು ದಿನ ಹಲ್ಲಿನ ಹಿಂದೆ ಕೂಡಿಟ್ಟ ಉಳಿದ ಮಾತೆಲ್ಲ ಎಲ್ಲಿ ಹೋಯಿತು, ಗಂಟಲಲ್ಲಿ ಇನ್ನೂ ಹೋಳಿಗೆಯ ಸಿಹಿ ಇದೆ. ಹುಡುಗಿ ಅವನನ್ನು ನೋಡಿದಳು, ಅವನ ಕೈ ನೋಡಿದಳು, ಇಲ್ಲ ಎನ್ನಲಿ ಎಂದು ಕಾದಳು, ಅವನು ಇಲ್ಲ ಎನ್ನಲಿಲ್ಲ, ಅವಳ ಮುಖದಿಂದ ಒಂದೊಂದೇ ಇಳಿಯಿತು, ಕೆನ್ನೆಯ ಗುಳಿ, ಕಣ್ಣಿನ ಹೊಳಪು, ತುಟಿ, ಇದನ್ನು ಮುಕ್ತಾಬಾಯಿ ಬಲ್ಲಳು, ಕಾಜಲಳ ಮುಖದಿಂದ ಹೀಗೆ ಇಳಿಯುವುದನ್ನು ತನ್ನ ಪಡಸಾಲೆಯಲ್ಲಿ ಕಂಡಿದ್ದಾಳೆ, ಆಗ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ಈಗ ಇದೆ, ಇದೇ ಫೋಟೋ, ಇದನ್ನೇ ಪಂಚರ ಕೈಯಿಂದ ಕೈಗೆ ದಾಟಿಸಬೇಕು, ಇದರ ಒಂದು ಕಣವನ್ನೂ ಒರೆಸುವುದಿಲ್ಲ, ಬಿಡಬೇಡ, ಹಿಡಿ — ಲೆನ್ಸು ತಿರುಗಿಸಿದಳು, ಮುಖ ನಿಚ್ಚಳವಾಯಿತು, ಬೆರಳು ಗುಂಡಿಯ ಮೇಲೆ ಬಂತು, ಆಗ ಅದು ಬಂತು, ಕೆಳಗಿನಿಂದ ಮೇಲೆ, ನಿಧಾನ, ಬ್ಯಾಡ ಮಾವಶಿ, ಲೆನ್ಸಿನ ತುಂಬ, ಸೂರ್ಯನೂ ಇಲ್ಲ ನೀರೂ ಇಲ್ಲ ನಡುಗಡ್ಡೆಯೂ ಇಲ್ಲ, ಅಂಗೈ, ಹುಡುಗಿಯ ಅಂಗೈ, ಬೆರಳಿನ ಸಂದಿಯವರೆಗೂ ಹಳದಿ, ಬ್ಯಾಡ, ಅಂಗೈ.